ಕಾಫಿ ಸುರಿಯುತ್ತಿದ್ದ ಕೈ: ಆನ್ ಬ್ರೇಡನ್ ಮತ್ತು ಲೂಯಿವಿಲ್‌ನ ಒಂದು ಮನೆ

1954ರ ಮಾರ್ಚ್. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರ. ಆಂಡ್ರೂ ವೇಡ್ ಎಂಬ ಕಪ್ಪು ವರ್ಣದ ಎಲೆಕ್ಟ್ರಿಷಿಯನ್ ತಮಗೆ ಪರಿಚಯವಿದ್ದ ಒಬ್ಬ ಬಿಳಿಯ ದಂಪತಿಯ ಹತ್ತಿರ ಬಂದು ಒಂದು ಸಹಾಯ ಕೇಳಿದರು. ದುಡ್ಡು ನನ್ನದೇ, ಮನೆಯನ್ನು ಮಾತ್ರ ನಿಮ್ಮ ಹೆಸರಿನಲ್ಲಿ ಕೊಳ್ಳಿ, ಆಮೇಲೆ ನನಗೆ ಬರೆದುಕೊಡಿ ಅಂತ. ಇಷ್ಟೇ.

ವೇಡ್ ಎರಡನೇ ಮಹಾಯುದ್ಧದಲ್ಲಿ ಸೇನೆಯ ಕೆಲಸ ಮಾಡಿ ಬಂದವರು. ಹೆಂಡತಿ ಷಾರ್ಲೆಟ್ ಇನ್ನೊಂದು ಮಗುವಿನ ನಿರೀಕ್ಷೆಯಲ್ಲಿದ್ದರು. ಪುಟ್ಟ ಮಗಳೊಬ್ಬಳಿದ್ದಳು. ಅಂಗಳ ಇರುವ, ಹೊಸದಾಗಿ ಕಟ್ಟಿದ ಒಂದು ಸಾಧಾರಣ ಮನೆ ಬೇಕಿತ್ತು. ತಿಂಗಳುಗಟ್ಟಲೆ ಹುಡುಕಿದ್ದರು. ಮಾತುಕತೆ ಚೆನ್ನಾಗಿಯೇ ನಡೆಯುತ್ತಿತ್ತು. ಕೊಳ್ಳುವವನು ಕಪ್ಪು ಮನುಷ್ಯ ಅಂತ ತಿಳಿದ ಕೂಡಲೇ ನಿಂತುಹೋಗುತ್ತಿತ್ತು.

ಕಾನೂನು ಹಾಗಿತ್ತಾ? ಇರಲಿಲ್ಲ. ಯಾವ ಬಣ್ಣದವರು ಯಾವ ಬೀದಿಯಲ್ಲಿ ಇರಬೇಕು ಅಂತ ಇದೇ ಲೂಯಿವಿಲ್ ನಗರ ಒಂದು ಕಾಯ್ದೆ ಮಾಡಿತ್ತು. ಅದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1917ರಲ್ಲೇ ತಳ್ಳಿಹಾಕಿತ್ತು. ಕಪ್ಪು ಜನರಿಗೆ ಮಾರಬಾರದು ಅಂತ ಮನೆಪತ್ರದಲ್ಲಿ ಬರೆದುಕೊಂಡಿದ್ದರೂ ಅದನ್ನು ನ್ಯಾಯಾಲಯ ಜಾರಿ ಮಾಡುವಂತಿಲ್ಲ ಅಂತ 1948ರಲ್ಲಿ ಅದೇ ಕೋರ್ಟ್ ಹೇಳಿತ್ತು. ಆದರೂ ಗೋಡೆ ಹಾಗೇ ನಿಂತಿತ್ತು. ದಲ್ಲಾಳಿ ಆ ಬಡಾವಣೆಯ ಮನೆ ತೋರಿಸುತ್ತಿರಲಿಲ್ಲ. ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ನೆರೆಯವರು ಏನಂದಾರು ಅನ್ನೋ ಭಯ ಮಾರುವವನಿಗೆ. ಯಾರೂ ತಾನು ಕೆಟ್ಟವನು ಅಂದುಕೊಂಡಿರಲಿಲ್ಲ.

ವೇಡ್ ಬೇರೆ ಬಿಳಿಯರನ್ನೂ ಕೇಳಿದ್ದರು. ಅವರು ಆಗುವುದಿಲ್ಲ ಅಂದಿದ್ದರು. ಈ ದಂಪತಿ ಆಗಲಿ ಅಂದರು. ಅವರು ಆನ್ ಬ್ರೇಡನ್ ಮತ್ತು ಕಾರ್ಲ್ ಬ್ರೇಡನ್. ಇಬ್ಬರೂ ಪತ್ರಕರ್ತರು. ಇಬ್ಬರು ಚಿಕ್ಕ ಮಕ್ಕಳ ತಂದೆತಾಯಿ.

ಆಮೇಲೆ ಏನಾಯಿತು ಅನ್ನುವುದು ಅಮೆರಿಕದ ಇತಿಹಾಸದಲ್ಲಿ ದಾಖಲಾಗಿದೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಆನ್ ಅವರ ಮನಸ್ಸಿನೊಳಗೆ ನಡೆದದ್ದು. ವರ್ಣಭೇದದ ವಿರುದ್ಧ ಕೆಲಸ ಮಾಡಬೇಕು ಅಂದುಕೊಳ್ಳುವ ಬಿಳಿಯರಿಗೆ ಕಾನೂನಿನ ತಿಳಿವಳಿಕೆ, ಧೈರ್ಯ, ಸಂಘಟನೆ ಎಲ್ಲಾ ಬೇಕು, ನಿಜ. ಆದರೆ ಬಹಳ ಜನ ಸೋಲುವುದು ಅಲ್ಲಿ ಅಲ್ಲ. ತಮ್ಮದೇ ನಾಚಿಕೆ, ಭಯ, ಸಿಟ್ಟು, ಒಳ್ಳೆಯವರು ಅನ್ನಿಸಿಕೊಳ್ಳುವ ಆಸೆ, ಇವನ್ನು ಏನು ಮಾಡಬೇಕು ಅಂತ ತಿಳಿಯದೆ ಸೋಲುತ್ತಾರೆ.

ಬಿಗಿಯಾಗಿದ್ದ ಹಳೇ ಬಟ್ಟೆ

ಆನ್ ಹುಟ್ಟಿದ್ದು 1924ರಲ್ಲಿ, ಲೂಯಿವಿಲ್‌ನಲ್ಲೇ. ಬೆಳೆದದ್ದು ಜಾಸ್ತಿ ದಕ್ಷಿಣದ ಅಲಬಾಮಾ ರಾಜ್ಯದ ಆನಿಸ್ಟನ್ ಎಂಬ ಊರಿನಲ್ಲಿ. ಅನುಕೂಲಸ್ಥ ಬಿಳಿಯರ ಮನೆ. ಚರ್ಚು, ಒಳ್ಳೆಯ ಶಾಲೆ, ಮನೆಗೆಲಸಕ್ಕೆ ಕಪ್ಪು ಹೆಂಗಸು. ಆ ಹೆಂಗಸಿಗೆ ಆನ್ ವಯಸ್ಸಿನ ಒಬ್ಬ ಮಗಳಿದ್ದಳು. ಆನ್ ತೊಟ್ಟು ಬಿಟ್ಟ ಬಟ್ಟೆಗಳು ಅವಳಿಗೆ ಹೋಗುತ್ತಿದ್ದವು. ಹುಡುಗಿ ಮೈಯಲ್ಲಿ ಆನ್‌ಗಿಂತ ದೊಡ್ಡವಳು. ಬಟ್ಟೆ ಸರಿಯಾಗಿ ಹೊಂದುತ್ತಿರಲಿಲ್ಲ, ಬಿಗಿಯುತ್ತಿತ್ತು. ಅದನ್ನೇ ತೊಟ್ಟು ಅವಳು ಅಡುಗೆಮನೆಯ ಕುರ್ಚಿಯಲ್ಲಿ ಅಮ್ಮನಿಗಾಗಿ ಕಾಯುತ್ತಾ ಕೂರುತ್ತಿದ್ದಳು. ಅವಳನ್ನು ನೋಡಿದಾಗ ತನ್ನೊಳಗೆ ಏನೋ ಮುದುಡಿಕೊಳ್ಳುತ್ತಿತ್ತು ಅಂತ ಆನ್ ಮುಂದೆ ಬರೆದಿದ್ದಾರೆ.

ಏನೋ ಸರಿಯಿಲ್ಲ ಅಂತ ಒಂದು ಮಗುವಿಗೂ ಗೊತ್ತಾಗುತ್ತದೆ. ಮನೆಯವರು, ಪಾದ್ರಿ, ಮೇಷ್ಟ್ರು ಎಲ್ಲರೂ ಸೇರಿ ಅದನ್ನು ಮರೆಯಲು ಕಲಿಸುತ್ತಾರೆ. ನೋಡು, ಪಾಪ ಅವಳಿಗೆ ಬಟ್ಟೆ ಕೊಟ್ಟೆವಲ್ಲ ಅಂತ. ಮುದುಡಿಕೊಂಡ ಆ ಏನೋ ನಿಧಾನವಾಗಿ ಮಲಗಿಬಿಡುತ್ತದೆ. ಅದನ್ನು ಮತ್ತೆ ಎಬ್ಬಿಸುವುದೇ ಮೊದಲ ಕೆಲಸ, ಮತ್ತು ಅದು ನೋವು ಕೊಡುವ ಕೆಲಸ. ತನ್ನನ್ನು ಪ್ರೀತಿಯಿಂದ ಸಾಕಿದವರೇ ಈ ವಿಷಯದಲ್ಲಿ ಪೂರಾ ತಪ್ಪು ಅಂತ ಒಪ್ಪಿಕೊಳ್ಳಬೇಕು, ಅದು ತನ್ನನ್ನೇ ಒಳಗಿಂದ ಹೊರಕ್ಕೆ ಮಗುಚಿ ಹಾಕಿಕೊಂಡ ಹಾಗೆ ಅಂತ ಆನ್ ಹೇಳುತ್ತಿದ್ದರು.

ಒಂದು ಮಾತು, ಒಂದು ಕೈ

ಕಾಲೇಜು ಮುಗಿಸಿ ಆನ್ ಪತ್ರಿಕೆ ಕೆಲಸಕ್ಕೆ ಸೇರಿದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನ್ಯಾಯಾಲಯದ ವರದಿ ಮಾಡುತ್ತಿದ್ದರು. ಬಿಳಿಯರಿಗೆ ಒಂದು ನ್ಯಾಯ, ಕಪ್ಪು ಜನರಿಗೆ ಇನ್ನೊಂದು ನ್ಯಾಯ. ಅದನ್ನು ದಿನಾ ಕಣ್ಣಾರೆ ಕಂಡರು. ಕಪ್ಪು ಮನುಷ್ಯ ಕಪ್ಪು ಮನುಷ್ಯನನ್ನು ಕೊಂದರೆ ಪತ್ರಿಕೆಗೆ ಅದು ಸುದ್ದಿಯೇ ಅಲ್ಲ.

ಒಂದು ಬೆಳಿಗ್ಗೆ ಅವರು ಪರಿಚಯದವರೊಬ್ಬರ ಜೊತೆ ತಿಂಡಿಗೆ ಕೂತಿದ್ದರು. ಏನಾದ್ರೂ ವಿಶೇಷ ಇದೆಯಾ ಅಂತ ಆತ ಕೇಳಿದ. ಏನಿಲ್ಲ, ಸುಮ್ನೆ ಕಪ್ಪು ಜನರದ್ದೊಂದು ಕೊಲೆ ಅಂದರು ಆನ್. ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಕಪ್ಪು ಹೆಂಗಸೊಬ್ಬಳು ಕಾಫಿ ಸುರಿಯುತ್ತಿದ್ದಳು. ಆನ್ ತಲೆಯೆತ್ತಿ ನೋಡಿದರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಕೈ ಮಾತ್ರ ನಡುಗುತ್ತಿತ್ತು.

ಆಮೇಲಿನ ಕೆಲವು ಕ್ಷಣಗಳ ಬಗ್ಗೆ ಆನ್ ಬರೆದದ್ದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಮೊದಲು ಬಂದ ಯೋಚನೆ, ಎದ್ದು ಹೋಗಿ ಅವಳನ್ನು ತಬ್ಬಿಕೊಂಡು ಕ್ಷಮೆ ಕೇಳಬೇಕು ಅಂತ. ನಾನು ಆ ಅರ್ಥದಲ್ಲಿ ಹೇಳಲಿಲ್ಲ ತಾಯಿ, ಅದು ಪತ್ರಿಕೆಯವರ ಲೆಕ್ಕಾಚಾರ, ನನ್ನದಲ್ಲ ಅಂತ ಹೇಳಬೇಕು ಅಂತ. ಅಷ್ಟರಲ್ಲೇ ಇನ್ನೊಂದು ಯೋಚನೆ ಬಂತು. ಅಲ್ಲ, ನಾನು ಅದೇ ಅರ್ಥದಲ್ಲಿ ಹೇಳಿದೆ. ಆ ಲೆಕ್ಕಾಚಾರ ಈಗ ನನ್ನದೂ ಆಗಿಹೋಗಿದೆ.

ಅವರು ಏಳಲಿಲ್ಲ.

ಇದನ್ನು ಓದಿದವರು ಅಯ್ಯೋ, ಕ್ಷಮೆ ಕೇಳಬಹುದಿತ್ತಲ್ಲ ಅನ್ನಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ಹೆಂಗಸಿನ ಜಾಗದಲ್ಲಿ ನಿಂತು ನೋಡಿ. ಕೆಲಸದ ಹೊತ್ತು. ಬಿಳಿಯ ಗಿರಾಕಿ ಬಂದು ತಬ್ಬಿಕೊಂಡು ಅಳುತ್ತಾಳೆ. ಅಯ್ಯೋ ಪರವಾಗಿಲ್ಲಮ್ಮ ಅಂತ ಇವಳೇ ಸಮಾಧಾನ ಮಾಡಬೇಕು. ಇಲ್ಲದಿದ್ದರೆ ಕೆಲಸಕ್ಕೇ ಕುತ್ತು. ಮೊದಲು ಮಾತಿನಿಂದ ನೋಯಿಸಿದ್ದಾಯಿತು, ಈಗ ನೋಯಿಸಿದವಳ ಕಣ್ಣೀರು ಒರೆಸುವ ಕೆಲಸವೂ ಇವಳ ತಲೆಗೆ. ಆ ಕ್ಷಮಾಪಣೆ ಯಾರ ಭಾರ ಇಳಿಸುತ್ತಿತ್ತು? ಆನ್ ಅವರದ್ದು ಅಲ್ವಾ?

ಕ್ಷಮೆ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಕೇಳಬೇಕಾದ ಕಡೆ ಕೇಳಲೇಬೇಕು. ಆದರೆ ಮೊದಲು ನಾಚಿಕೆಯನ್ನು ಹೊತ್ತುಕೊಂಡು ಕೂರಲು ಬರಬೇಕು. ಅದನ್ನು ತಕ್ಷಣ ಯಾರ ಕೈಗಾದರೂ ದಾಟಿಸಿಬಿಡುವ ಅವಸರ ಇರುತ್ತದಲ್ಲ, ಅದನ್ನು ತಡೆಯಬೇಕು. ಆನ್ ಮಾಡಿದ್ದು ಅದನ್ನು. ಆ ನಡುಗುವ ಕೈಯನ್ನು ಮರೆಯಲಿಲ್ಲ, ಅದಕ್ಕೆ ನೆಪ ಹುಡುಕಲಿಲ್ಲ, ತನ್ನನ್ನು ತಾನು ಹಳಿದುಕೊಳ್ಳುತ್ತಲೂ ಕೂರಲಿಲ್ಲ. ಈ ಊರಿನಲ್ಲಿ ಹೀಗೇ ಇದ್ದರೆ ತಾನು ಏನಾಗಿಬಿಡುತ್ತೇನೆ ಅನ್ನುವುದು ಅವರಿಗೆ ಕಂಡಿತು. 1947ರಲ್ಲಿ ಬರ್ಮಿಂಗ್‌ಹ್ಯಾಮ್ ಬಿಟ್ಟು ಲೂಯಿವಿಲ್‌ಗೆ ಬಂದರು. ಅಲ್ಲಿನ ಪತ್ರಿಕೆಯಲ್ಲಿ ಕಾರ್ಲ್ ಪರಿಚಯವಾದರು. ಮರುವರ್ಷ ಮದುವೆ.

ಲೂಯಿವಿಲ್‌ನಲ್ಲಿ ಇನ್ನೊಂದು ಪಾಠ ಕಾದಿತ್ತು. ಹೊಸದಾಗಿ ಕಣ್ಣು ತೆರೆದ ಬಿಳಿಯರೆಲ್ಲ ಮಾಡುವುದನ್ನೇ ಆನ್ ಕೂಡ ಮಾಡುತ್ತಿದ್ದರು. ಕಪ್ಪು ಜನರ ಚರ್ಚುಗಳಿಗೆ ಹೋಗಿ ವರ್ಣಭೇದ ಎಷ್ಟು ಕೆಟ್ಟದ್ದು ಅಂತ ಮಾತಾಡುತ್ತಿದ್ದರು. ಅಲ್ಲಿ ಮರ್ಯಾದೆ ಸಿಗುತ್ತಿತ್ತು, ಚಪ್ಪಾಳೆ ಸಿಗುತ್ತಿತ್ತು. ವಿಲಿಯಂ ಪ್ಯಾಟರ್ಸನ್ ಎಂಬ ಕಪ್ಪು ವಕೀಲರು, ನಾಗರಿಕ ಹಕ್ಕುಗಳ ಹೋರಾಟದ ಹಿರಿಯರು, ಅವರಿಗೆ ನೇರವಾಗಿ ಹೇಳಿದರು. ಇವರಿಗೆ ನೀನು ಹೇಳಬೇಕಾದ್ದು ಏನೂ ಇಲ್ಲ, ಇವರಿಗೆ ಗೊತ್ತಿದೆ. ಬಿಳಿಯರ ಹತ್ತಿರ ಹೋಗಿ ಮಾತಾಡು. ಆನ್ ಮುನಿಸಿಕೊಳ್ಳಲಿಲ್ಲ. ಹೋದರು.

ಮಿಸಿಸಿಪ್ಪಿ ರಾಜ್ಯದಲ್ಲಿ ವಿಲಿ ಮೆಗೀ ಎಂಬ ಕಪ್ಪು ಮನುಷ್ಯನಿಗೆ ಅತ್ಯಾಚಾರದ ಆರೋಪದಲ್ಲಿ ಮರಣದಂಡನೆ ವಿಧಿಸಿದ್ದರು. 1951ರಲ್ಲಿ ಅದು ಜಾರಿಯಾಗುವುದರಲ್ಲಿತ್ತು. ಬಿಳಿಯ ಹೆಂಗಸರ ಮಾನ ಕಾಪಾಡಲು ಇದು ಬೇಕು ಅಂತ ಅಲ್ಲಿನವರ ವಾದ. ನಮ್ಮ ಹೆಸರಿನಲ್ಲಿ ಇದನ್ನು ಮಾಡಬೇಡಿ ಅಂತ ಹೇಳಲು ಬಿಳಿಯ ಹೆಂಗಸರ ಒಂದು ಗುಂಪು ಆ ರಾಜ್ಯದ ರಾಜಧಾನಿ ಜ್ಯಾಕ್ಸನ್‌ಗೆ ಹೋಯಿತು. ಆನ್ ಅದರಲ್ಲಿ ಇದ್ದರು. ಪೊಲೀಸರು ಹಿಡಿದು ಒಳಗೆ ಹಾಕಿದರು. ಮೇ 8ರಂದು ಮೆಗೀಯನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದರು. ಬೇರೆಯವರ ನೋವಿಗಾಗಿ ಓಡಾಡಿ, ಸೋತು, ಮನೆಗೆ ಬಂದು ಮರುದಿನ ಮತ್ತೆ ಕೆಲಸಕ್ಕೆ ಕೂರುವುದನ್ನೂ ಆನ್ ಆಗ ಕಲಿತರು.

ಆ ಮನೆ

ಈಗ 1954ಕ್ಕೆ ಬರೋಣ. ಮೇ ತಿಂಗಳಲ್ಲಿ ಬ್ರೇಡನ್ ದಂಪತಿ ಲೂಯಿವಿಲ್‌ಗೆ ಅಂಟಿಕೊಂಡ ಶೈವ್ಲಿ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡು ವೇಡ್ ಕುಟುಂಬಕ್ಕೆ ಬರೆದುಕೊಟ್ಟರು. ಅದೇ ತಿಂಗಳ 17ರಂದು ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ದಕ್ಷಿಣದ ಬಿಳಿಯರಲ್ಲಿ ಸಿಟ್ಟು ಕುದಿಯುತ್ತಿತ್ತು.

ಆ ಸಿಟ್ಟೆಲ್ಲ ಈ ಒಂದು ಮನೆಯ ಮೇಲೆ ಬಿತ್ತು. ಮೊದಲ ರಾತ್ರಿಗಳಲ್ಲೇ ಕಿಟಕಿ ಒಡೆಯಿತು. ಕಪ್ಪು ಜನರನ್ನು ಹೆದರಿಸಲು ಪಕ್ಕದ ಜಾಗದಲ್ಲಿ ಶಿಲುಬೆ ಸುಟ್ಟರು. ಗುಂಡು ಹಾರಿಸಿದರು. ಬ್ರೇಡನ್ ಮನೆಗೂ ಬೆದರಿಕೆಯ ಕರೆಗಳು ಬರತೊಡಗಿದವು. ವೇಡ್ ದಂಪತಿ ಜಾಗ ಬಿಡಲಿಲ್ಲ. ಸ್ನೇಹಿತರು ಸರದಿಯಲ್ಲಿ ಕಾವಲು ಕೂತರು. ಅವರಲ್ಲಿ ಕೆಲವರು ಬಿಳಿಯರು.

ಜೂನ್ 27ರ ರಾತ್ರಿ ಮನೆಯ ಕೆಳಗೆ ಡೈನಮೈಟ್ ಸಿಡಿಯಿತು. ಪುಟ್ಟ ಮಗಳು ಮಲಗುವ ಕೋಣೆಯ ಕಡೆ. ಯಾರಿಗೂ ಗಾಯವಾಗಲಿಲ್ಲ. ಮನೆಯ ಅರ್ಧ ಹಾಳಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ರೇಡನ್ ಕಥೆ ಹೇಳುವಾಗ ಬಹಳ ಜನ ಆಂಡ್ರೂ ಮತ್ತು ಷಾರ್ಲೆಟ್ ಅವರನ್ನು ಮೊದಲ ಪುಟದಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಬಾಂಬು ಬಿದ್ದದ್ದು ಅವರ ಮನೆಗೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಆ ಕಿಟಕಿಗಳ ಹಿಂದೆ ರಾತ್ರಿಗಳನ್ನು ಕಳೆದವರು ಷಾರ್ಲೆಟ್. ಬ್ರೇಡನ್ ದಂಪತಿಗೆ ಬೇಡ ಅನ್ನುವ ಅವಕಾಶ ಇತ್ತು. ತಮ್ಮ ಬಣ್ಣದ ಹಿಂದೆ ಮತ್ತೆ ಬಚ್ಚಿಟ್ಟುಕೊಳ್ಳುವ ಅವಕಾಶವೂ ಇತ್ತು. ವೇಡ್ ದಂಪತಿಗೆ ಅದು ಇರಲಿಲ್ಲ. ಧೈರ್ಯದ ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣಬೇಕು.

ಬಾಂಬು ಇಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ

ಸೆಪ್ಟೆಂಬರ್‌ನಲ್ಲಿ ವಿಚಾರಣೆ ಶುರುವಾಯಿತು. ಸರ್ಕಾರಿ ವಕೀಲರ ಮುಂದೆ ಎರಡು ದಾರಿ ಇದ್ದವು. ಒಂದು, ಮನೆ ಬೇಡ ಅಂದ ನೆರೆಯವರು ಬಾಂಬು ಇಟ್ಟರು. ಇನ್ನೊಂದು, ಇದು ಕಮ್ಯುನಿಸ್ಟರ ಸಂಚು. ಜನರ ನಡುವೆ ಜಗಳ ಹಚ್ಚಲು ಮನೆ ಕೊಂಡದ್ದೂ ಅವರೇ, ಸಿಡಿಸಿದ್ದೂ ಅವರೇ. ಅವರು ಹಿಡಿದದ್ದು ಎರಡನೆಯದನ್ನು. ಅಕ್ಟೋಬರ್‌ನಲ್ಲಿ ಬ್ರೇಡನ್ ದಂಪತಿ ಮತ್ತು ಇನ್ನೂ ಐದು ಬಿಳಿಯರ ಮೇಲೆ ದೇಶದ್ರೋಹದ ಆರೋಪ ಬಂತು. ಮನೆಗೆ ನುಗ್ಗಿ ಪುಸ್ತಕ ಹೊತ್ತುಕೊಂಡು ಹೋದರು. ಅವನ್ನೇ ಸಾಕ್ಷಿ ಅಂತ ಕೋರ್ಟಿನಲ್ಲಿ ಜೋಡಿಸಿಟ್ಟರು.

ಡಿಸೆಂಬರ್ 13ರಂದು ಕಾರ್ಲ್‌ಗೆ 15 ವರ್ಷ ಜೈಲು, 5,000 ಡಾಲರ್ ದಂಡ ಆಯಿತು. ಪತ್ರಿಕೆಯ ಕೆಲಸ ಹೋಯಿತು. ಜಾಮೀನಿಗೆ 40,000 ಡಾಲರ್ ಕೇಳಿದರು. ಅದು ಸಿಗುವವರೆಗೆ ಕಾರ್ಲ್ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. 1956ರಲ್ಲಿ ಬೇರೆ ರಾಜ್ಯದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಇಂಥ ದೇಶದ್ರೋಹ ಕಾನೂನುಗಳ ವಿರುದ್ಧ ತೀರ್ಪು ಕೊಟ್ಟ ಮೇಲೆ ಈ ಶಿಕ್ಷೆಯೂ ರದ್ದಾಯಿತು. ಮನೆ ಸಿಡಿಸಿದವರಿಗೆ ಮಾತ್ರ ಎಂದೂ ಶಿಕ್ಷೆ ಆಗಲಿಲ್ಲ. ವೇಡ್ ಕುಟುಂಬ 1957ರಲ್ಲಿ ಆ ಮನೆ ಮಾರಿ ಲೂಯಿವಿಲ್‌ನ ಕಪ್ಪು ಜನರ ಬಡಾವಣೆಗೆ ಹಿಂತಿರುಗಿತು.

ಅಂದರೆ ಯಾವುದಕ್ಕಾಗಿ ಇಷ್ಟೆಲ್ಲ ಆಯಿತೋ ಅದು ದಕ್ಕಲಿಲ್ಲ. ಇದನ್ನು ಮೆತ್ತಗೆ ಮಾಡಿ ಹೇಳಬಾರದು.

ಈ ಎರಡು ವರ್ಷಗಳಲ್ಲಿ ಆನ್ ಏನೇನು ಸಹಿಸಬೇಕಾಯಿತು ನೋಡಿ. ಬೆದರಿಕೆಯ ಭಯ ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ತಮ್ಮವರೇ ದೂರ ಸರಿದದ್ದು. ವರ್ಣಭೇದ ತಪ್ಪು ಅಂತ ಊಟದ ಮೇಜಿನಲ್ಲಿ ಮಾತಾಡುತ್ತಿದ್ದ ಒಳ್ಳೆಯ ಬಿಳಿಯರು, ಕಮ್ಯುನಿಸ್ಟ್ ಅನ್ನೋ ಹಣೆಪಟ್ಟಿ ಬಿದ್ದ ಕೂಡಲೇ ಗುರುತು ಸಿಗದವರ ಹಾಗೆ ನಡೆದುಕೊಂಡರು. ನೀವು ಸ್ವಲ್ಪ ನಿಧಾನ ಮಾಡಬಹುದಿತ್ತು, ಜನರನ್ನು ಕೆರಳಿಸಿದಿರಿ ಅಂದವರೂ ಇದ್ದರು. ಜೊತೆಗೆ ಇನ್ನೊಂದು ಆರೋಪ: ವೇಡ್ ಕುಟುಂಬವನ್ನು ನೀವು ನಿಮ್ಮ ರಾಜಕೀಯಕ್ಕೆ ಬಳಸಿಕೊಂಡಿರಿ ಅಂತ.

ಈ ಆರೋಪ ಸುಳ್ಳು. ಮನೆ ಕೇಳಿ ಬಂದವರು ವೇಡ್. ಆದರೆ ಇಂಥ ಸುಳ್ಳು ಆರೋಪ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಸಾಮಾನ್ಯವಾಗಿ ಎರಡರಲ್ಲಿ ಒಂದು. ನನ್ನ ತ್ಯಾಗ ಯಾರಿಗೂ ಕಾಣಲಿಲ್ಲ ಅಂತ ಕಹಿಯಾಗಿ ಮನೆ ಸೇರುತ್ತಾನೆ. ಇಲ್ಲವೇ ತನ್ನ ಹೆಸರು ತೊಳೆದುಕೊಳ್ಳುವುದೇ ಹೋರಾಟವಾಗಿಬಿಡುತ್ತದೆ. ಆನ್ ಗಂಡನ ಬಿಡುಗಡೆಗಾಗಿ ಊರೂರು ಅಲೆದರು, ನಿಜ. ಆದರೆ 1958ರಲ್ಲಿ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದಾಗ ಅದನ್ನು ತಮ್ಮ ಪರ ವಾದಪತ್ರ ಮಾಡಲಿಲ್ಲ. ಅದರಲ್ಲಿ ತಮ್ಮನ್ನು ತಾವೇ ಬಗೆದು ನೋಡಿಕೊಂಡರು. ನಡುಗುವ ಕೈ, ಬಿಗಿಯಾದ ಬಟ್ಟೆ ನಮಗೆ ಸಿಗುವುದು ಅಲ್ಲಿಂದಲೇ. ತಮ್ಮನ್ನು ಹಿಂಸಿಸಿದ ಬಿಳಿಯರನ್ನೂ ರಾಕ್ಷಸರು ಅಂತ ಬರೆಯಲಿಲ್ಲ. ಅವರೂ ತಾನು ಹುಟ್ಟಿ ಬೆಳೆದ ಅದೇ ಗೋಡೆಯೊಳಗೆ ಸಿಕ್ಕಿಕೊಂಡವರು ಅಂತ ನೋಡಿದರು.

ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಕಷ್ಟದ ಕಲಿಕೆ ಇದು. ಹೊಸದಾಗಿ ತಿದ್ದಿಕೊಂಡ ಬಿಳಿಯರಿಗೆ ತಿದ್ದಿಕೊಳ್ಳದ ಬಿಳಿಯರನ್ನು ಕಂಡರೆ ಆಗುವುದಿಲ್ಲ. ನಾನು ಅವರಂಥವಳಲ್ಲ ಅಂತ ತೋರಿಸಿಕೊಳ್ಳುವ ಆಸೆ. ಆ ಆಸೆಯಿಂದ ದೂರ ನಿಂತುಬಿಟ್ಟರೆ ಆ ಜನರ ಹತ್ತಿರ ಮಾತಾಡುವವರು ಯಾರು? ಅದನ್ನೂ ಕಪ್ಪು ಜನರೇ ಮಾಡಬೇಕಾ?

ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ, ನ್ಯಾಯಕ್ಕಿಂತ ನೆಮ್ಮದಿ ಮುಖ್ಯ ಅನ್ನುವ ನಯವಾದ ಬಿಳಿಯರ ಬಗ್ಗೆ ಬಹಳ ಬೇಸರ ತೋಡಿಕೊಂಡರು. ಅದೇ ಪತ್ರದಲ್ಲಿ, ಹೋರಾಟವನ್ನು ಅರ್ಥ ಮಾಡಿಕೊಂಡು ಬರೆದ ದಕ್ಷಿಣದ ಕೆಲವೇ ಕೆಲವು ಬಿಳಿಯರ ಹೆಸರು ಹೇಳಿದರು. ಆನ್ ಬ್ರೇಡನ್ ಅವರಲ್ಲಿ ಒಬ್ಬರು. ಕೈಯಲ್ಲಿ ಕಾಫಿ ಪಾತ್ರೆ ಹಿಡಿದ ಆ ಹೆಂಗಸು ನಿಂತಿದ್ದದ್ದೂ ಅದೇ ಊರಿನಲ್ಲಿ.

ಒಂದು ಮಾತು ನಮ್ಮ ಬಗ್ಗೆ. 1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ಹೋದ ಕನ್ನಡಿಗರು ಇಷ್ಟಪಟ್ಟ ಬಡಾವಣೆಯಲ್ಲಿ ಮನೆ ಕೊಳ್ಳಲು ಆದದ್ದರ ಹಿಂದೆ, ಮನೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ 1968ರ ವಸತಿ ಕಾನೂನು ಇದೆ. ಕಿಂಗ್ ಅವರ ಕೊಲೆಯಾದ ಒಂದು ವಾರಕ್ಕೆ ಅದಕ್ಕೆ ಸಹಿ ಬಿತ್ತು. ಅದರ ಹಿಂದೆ ವೇಡ್ ಅವರಂಥ ಎಷ್ಟೋ ಕುಟುಂಬಗಳ ಒಡೆದ ಕಿಟಕಿಗಳಿವೆ. ಬಾಡಿಗೆ ಮನೆ ಕೇಳಲು ಬಂದವರಿಗೆ ನೀವು ಯಾವ ಜನ ಅಂತ ಕೇಳಿಯೇ ಬೀಗದ ಕೈ ಕೊಡುವ ನಮಗೆ ಈ ಕಥೆ ದೂರದ್ದಲ್ಲ.

ಬಾಗಿಲು ಹಾಕಿದಾಗ

1966ರ ಕೊನೆಯ ಹೊತ್ತಿಗೆ ಕಪ್ಪು ಯುವಜನರ ದೊಡ್ಡ ಸಂಘಟನೆಯಾದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ ಒಂದು ನಿರ್ಧಾರಕ್ಕೆ ಬಂತು. ಬಿಳಿಯ ಕಾರ್ಯಕರ್ತರು ನಮ್ಮ ನಡುವೆ ಬೇಡ, ಅವರು ಹೋಗಿ ಬಿಳಿಯರನ್ನು ಸಂಘಟಿಸಲಿ. ಪೆಟ್ಟು ತಿಂದು, ಜೈಲಿಗೆ ಹೋಗಿ ಬಂದಿದ್ದ ಬಿಳಿಯ ಯುವಕರಿಗೆ ಇದು ಬಹಳ ನೋವು ಕೊಟ್ಟಿತು. ನಾವು ಇಷ್ಟು ಮಾಡಿದೆವಲ್ಲ, ನಮ್ಮನ್ನೇ ಹೊರಗೆ ಹಾಕಿದರಲ್ಲ ಅಂತ.

ಆನ್ ಆ ಹೊತ್ತಿಗೆ ಸುಮಾರು ಹತ್ತು ವರ್ಷಗಳಿಂದ ದಕ್ಷಿಣದ ಬಿಳಿಯ ಮತ್ತು ಕಪ್ಪು ಹೋರಾಟಗಾರರ ನಡುವೆ ಸೇತುವೆಯ ಹಾಗೆ ಕೆಲಸ ಮಾಡುತ್ತಿದ್ದರು. ಆ ಯುವಕರಲ್ಲಿ ಹಲವರಿಗೆ ಅವರು ಅಕ್ಕನ ಹಾಗೆ. ಬೇರೆ ಬೇರೆ ಕೆಲಸ ಮಾಡಿದರೂ ಇಬ್ಬರೂ ಮತ್ತೆ ಜೊತೆಗೂಡಬೇಕು ಅನ್ನುವ ಆಸೆ ಅವರಿಗಿತ್ತು. ಆದರೂ ಈ ನಿರ್ಧಾರವನ್ನು ಅವಮಾನ ಅಂತ ತೆಗೆದುಕೊಳ್ಳಲಿಲ್ಲ. ಪ್ಯಾಟರ್ಸನ್ ಹದಿನೈದು ವರ್ಷ ಹಿಂದೆ ಹೇಳಿದ್ದೂ ಅದನ್ನೇ ಅಲ್ವಾ? ಕೃತಜ್ಞತೆ ಕೇಳಿಕೊಂಡು ಬಂದವರಿಗೆ ಆ ಬಾಗಿಲು ಮುಚ್ಚಿದ್ದು ಮುಖಕ್ಕೆ ಹೊಡೆದ ಹಾಗೆ ಕಂಡಿತು. ಆನ್‌ಗೆ ಅದು ಯಾವತ್ತಿನಿಂದಲೋ ಬಾಕಿ ಉಳಿದ ಕೆಲಸದ ವಿಳಾಸ.

1975ರ ಫೆಬ್ರುವರಿಯಲ್ಲಿ ಕಾರ್ಲ್ ತೀರಿಕೊಂಡರು. ಆ ಸೆಪ್ಟೆಂಬರ್‌ನಲ್ಲಿ ಲೂಯಿವಿಲ್‌ನಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳು ಒಂದೇ ಶಾಲೆಯಲ್ಲಿ ಓದಲಿ ಅಂತ ಕೋರ್ಟ್ ಆದೇಶದ ಮೇಲೆ ಅವರನ್ನು ಬೇರೆ ಬಡಾವಣೆಯ ಶಾಲೆಗಳಿಗೆ ಕರೆದೊಯ್ಯುವ ಬಸ್ಸುಗಳು ಓಡತೊಡಗಿದವು. ಊರಿನ ದಕ್ಷಿಣದ ಬಿಳಿಯರ ಬಡಾವಣೆಗಳಲ್ಲಿ ಗಲಭೆ ಎದ್ದಿತು. ಬಸ್ಸುಗಳಿಗೆ ಕಲ್ಲು ಬಿತ್ತು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಕರೆಸಬೇಕಾಯಿತು. ವೇಡ್ ಅವರ ಮನೆ ಇದ್ದ ಶೈವ್ಲಿ ಇರುವುದೂ ಆ ದಿಕ್ಕಿನಲ್ಲೇ.

ಆನ್‌ಗೆ ಆಗ 51 ವರ್ಷ. ಗಂಡನಿಲ್ಲ. ಇಪ್ಪತ್ತೊಂದು ವರ್ಷ ಹಿಂದೆ ಅವರನ್ನು ದೇಶದ್ರೋಹಿ ಅಂದ ಅದೇ ಊರು. ಮಕ್ಕಳನ್ನು ಒಟ್ಟಿಗೆ ಓದಿಸಲು ಸಿದ್ಧರಿದ್ದು, ನೆರೆಯವರಿಗೆ ಹೆದರಿ ಬಾಯಿಬಿಡದೆ ಕೂತಿದ್ದ ಬಿಳಿಯ ತಂದೆತಾಯಿಗಳೂ ಅಲ್ಲಿ ಇದ್ದರು. ಅವರನ್ನು ಹುಡುಕಿ, ಕೂರಿಸಿ, ಮಾತಾಡಿಸುವ ಕೆಲಸಕ್ಕೆ ಆನ್ ಇಳಿದರು.